ಸೋಫಾದ ತಳ ಮುಚ್ಚುವ ಮುಂಚೆ

ನಮ್ಮನೆಯವರು ಸೋಫಾ ರಿಪೇರಿ ಮಾಡುವವರು. ಮನೆಯ ಮುಂದಿನ ಕೋಣೆಯೇ ಅವರ ಕಾರ್ಖಾನೆ. ಬಾಯಿತುಂಬ ಸಣ್ಣ ಮೊಳೆ ಇಟ್ಟುಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಟಪ್ಪೆಂದು ಹೊಡೆಯುತ್ತಾರೆ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಆದರೆ ಕೆಳಗೆ ಬಿದ್ದ ಮೊಳೆಯನ್ನು ಬಗ್ಗಿ ಎತ್ತುವ ಜಾಯಮಾನದವರಲ್ಲ. ಹೇಳಿ ಹೇಳಿ ನನ್ನ ಬಾಯಿ ಬತ್ತಿತು. "ಎಲ್ಲಿ ಬಿದ್ದಿದೆ ಅಂತ ನಂಗೊತ್ತಿರುತ್ತೆ ಬಿಡೇ" ಅನ್ನುತ್ತಿದ್ದರು. ಅವರಿಗೆ ಗೊತ್ತಿರುತ್ತಿತ್ತು, ನನ್ನ ಪಾದಕ್ಕೆ ಗೊತ್ತಿರುತ್ತಿರಲಿಲ್ಲ.

ಅಂಥ ಮನೆಗೆ ಮೊಲ ಬಂತು.

ಮಗಳು ಹೊಸ ಬಾಡಿಗೆ ಮನೆಗೆ ಹೋದಳು. ಅಲ್ಲಿ ಪ್ರಾಣಿ ಸಾಕುವ ಹಾಗಿಲ್ಲವಂತೆ. ಮೊಲ ಮೊಮ್ಮಗಳದ್ದು, ಅವಳಿಗೆ ಎಂಟು ವರ್ಷ. ಪಂಜರ ತಬ್ಬಿಕೊಂಡು ಬಾಗಿಲಲ್ಲಿ ನಿಂತವಳು ಮುಂದಿನ ಕೋಣೆಯ ನೆಲ ನೋಡಿ ಪೆಚ್ಚಾದಳು. ಮೊಳೆ, ಸೂಜಿ, ಸ್ಪಂಜಿನ ಚೂರು, ಎಲ್ಲೆಂದರಲ್ಲಿ ವೈರು.

"ಇಲ್ಲಿದ್ರೆ ಇವನು ಸತ್ತೇ ಹೋಗ್ತಾನೆ ತಾತ. ಸಿಕ್ಕಿದ್ದೆಲ್ಲ ತಿಂತಾನೆ" ಅಂದಳು. "ಶನಿವಾರ ಬಂದು ನೋಡ್ತೀನಿ. ಅಷ್ಟರಲ್ಲಿ ಮನೆ ಸರಿಹೋಗಿಲ್ಲಾಂದ್ರೆ ಬೇರೆ ಊರಿನವರಿಗೆ ಕೊಟ್ಬಿಡ್ಬೇಕಂತೆ, ಅಮ್ಮ ಹೇಳಿದಾಳೆ." ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದಳು.

ಮಾರನೆಯ ಬೆಳಗ್ಗೆ ನೋಡುತ್ತೇನೆ, ನಮ್ಮನೆಯವರು ಮಂಡಿಯೂರಿ ಕೂತಿದ್ದಾರೆ! ಸುತ್ತಿಗೆಯ ಅಯಸ್ಕಾಂತವನ್ನು ನೆಲದ ಮೇಲೆ ಇಂಚಿಂಚಾಗಿ ಎಳೆಯುತ್ತಿದ್ದಾರೆ. ಡಬ್ಬಿಗಟ್ಟಲೆ ಮೊಳೆ ಸಿಕ್ಕವು. ಮೂರು ದಿನ ಟೊಂಕ ಕಟ್ಟಿ ನಿಂತರು. ವೈರುಗಳನ್ನೆಲ್ಲ ಗಟ್ಟಿ ಪೈಪಿನೊಳಗೆ ತೂರಿಸಿದರು. ಸ್ಪಂಜಿನ ಚೂರು ಹೊಟ್ಟೆಗೆ ಹೋದರೆ ಕರುಳು ಕಟ್ಟಿಕೊಳ್ಳುತ್ತದೆಂದು ಮೂಟೆಗಳನ್ನು ಅಟ್ಟಕ್ಕೇರಿಸಿದರು. ಬೀರುವಿನ ಹಿಂದಿನ ಸಂದಿಗೆ ಹಲಗೆ ಹೊಡೆದರು, ನುಣುಪು ನೆಲದಲ್ಲಿ ಕಾಲು ಜಾರದಿರಲೆಂದು ಹಳೇ ಜಮಖಾನೆ ಹಾಸಿದರು. ನನಗೆ ಹೊಟ್ಟೆಕಿಚ್ಚಾಗಲಿಲ್ಲ ಅಂದರೆ ಸುಳ್ಳಾದೀತು. "ನಂಗೂ ಎರಡು ಉದ್ದ ಕಿವಿ ಇದ್ದಿದ್ರೆ ಚೆನ್ನಾಗಿತ್ತು" ಅಂದೆ. ಅವರು ಜಮಖಾನೆಯ ಮಡಿಕೆ ಸರಿಮಾಡುತ್ತಿದ್ದರು.

ಗುರುವಾರ ಮೊಲವನ್ನು ಪಂಜರದಿಂದ ಬಿಟ್ಟೆವು. ಕೋಣೆಯೆಲ್ಲ ಗಸ್ತು ತಿರುಗಿದ ಗತ್ತು ನೋಡಿ ನಾನು ಅದಕ್ಕೆ ಸಾಹೇಬರು ಅಂತ ಹೆಸರಿಟ್ಟೆ. ನಮ್ಮನೆಯವರು ಕೆಲಸದ ಪದ್ಧತಿಯನ್ನೇ ಬದಲಾಯಿಸಿದರು. ಸೋಫಾ ಬೋರಲು ಹಾಕಿದರೆ ಮೊದಲೆಲ್ಲ ತಳ ಎರಡು ಮೂರು ದಿನ ತೆರೆದೇ ಬಿದ್ದಿರುತ್ತಿತ್ತು. "ತೆರೆದ ತಳ ಅಂದ್ರೆ ಮೊಲಕ್ಕೆ ಬಿಲ ಇದ್ದ ಹಾಗೆ ಕಣೇ. ಸ್ಪ್ರಿಂಗ್ ಕಟ್ಟಿದ ತಕ್ಷಣ ಕಪ್ಪು ಬಟ್ಟೆ ಹೊಡೆದು ಮುಚ್ಚಿಬಿಡ್ಬೇಕು" ಎಂದರು.

ಶನಿವಾರ ಬೆಳಗ್ಗೆ ಹಾಗೆಯೇ ಮಾಡಿದರು. ಎರಡು ಬೀದಿಯಾಚೆ ಇರುವ ನಿವೃತ್ತ ಹೆಡ್‌ಮಿಸ್ಸಿನ ಸೋಫಾ. ಸ್ಪ್ರಿಂಗ್ ಕಟ್ಟಿ, ನಾನು ಕೊಟ್ಟ ಟೀ ಕುಡಿದು, ತಳ ಮುಚ್ಚಿ, ಒಂಬತ್ತಕ್ಕೆ ಟೆಂಪೋ ಹತ್ತಿಸಿ ಕಳಿಸಿದರು. ಹನ್ನೊಂದಕ್ಕೆ ಮೊಮ್ಮಗಳು ಬರುವವಳು. ಒಂಬತ್ತೂವರೆಗೆ ಮೂಲಂಗಿ ಸೊಪ್ಪು ಹಿಡಿದು ಕರೆದರೆ ಸಾಹೇಬರ ಸುಳಿವಿಲ್ಲ.

ಮಂಚದ ಕೆಳಗೆ, ಬಾಗಿಲ ಹಿಂದೆ, ಬಚ್ಚಲಲ್ಲಿ, ಎಲ್ಲ ಕಡೆ ಜಾಲಾಡಿದೆವು. ನಮ್ಮನೆಯವರು ಇದ್ದಕ್ಕಿದ್ದಂತೆ ನಿಂತುಬಿಟ್ಟರು.

"ಟೀ ಕುಡಿಯೋಕೆ ಎದ್ದಾಗ ತಳ ತೆರೆದಿತ್ತು ಕಣೇ. ಬಂದವನೇ ಒಳಗೆ ನೋಡದೇನೇ ಮುಚ್ಚಿಬಿಟ್ಟೆ."

ಚಪ್ಪಲಿ ಮೆಟ್ಟುವಷ್ಟೂ ತಾಳ್ಮೆಯಿಲ್ಲದೆ ಓಡಿದೆವು. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದೆ ಒಂದೇ ಚಿತ್ರ, ಆ ಹೆಡ್‌ಮಿಸ್ಸು ದಪ್ಪಗಿದ್ದಾರೆ, ಸೋಫಾ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ.

ಪುಣ್ಯಾತ್ಗಿತ್ತಿ ಕೂತಿರಲಿಲ್ಲ. "ಅಂಟಿನ ವಾಸನೆ ಹೋಗ್ಲಿ ಅಂತ ಬಿಟ್ಟಿದೀನಿ" ಎಂದರು. "ನಿಮಗೇ ಫೋನ್ ಮಾಡೋಳಿದ್ದೆ. ಆಗಿನಿಂದ ಒಳಗೆ ಡಬ್ ಡಬ್ ಅಂತಿದೆ. ಎಂಥ ಸ್ಪ್ರಿಂಗ್ ಹಾಕಿದೀರಿ?"

ಡಬ್ ಅನ್ನುತ್ತಿದೆಯಂತೆ! ನನಗೆ ಅವರನ್ನು ಅಪ್ಪಿಕೊಳ್ಳಬೇಕೆನಿಸಿತು.

ಇಬ್ಬರೂ ಸೇರಿ ಸೋಫಾವನ್ನು ಹಿಂಬದಿಗೆ ಮೆಲ್ಲಗೆ ವಾಲಿಸಿದೆವು. ನಮ್ಮನೆಯವರು ಅಂಗೈಯನ್ನು ಕಪ್ಪು ಬಟ್ಟೆಯ ಮೇಲೆ ಸವರುತ್ತಾ ಹೋದರು. ಒಂದು ಮೂಲೆಯಲ್ಲಿ ಕೈ ನಿಂತಿತು. "ಬೆಚ್ಚಗಿದೆ" ಎಂದರು. ಇನ್ನೊಂದು ಮೂಲೆಯಲ್ಲಿ ಬ್ಲೇಡಿಟ್ಟು, ಅಷ್ಟು ಚೊಕ್ಕವಾಗಿ ಹೊಡೆದಿದ್ದ ಬಟ್ಟೆಯನ್ನು ಪರ್ರನೆ ಹರಿದುಹಾಕಿದರು. ಒಳಗಿಂದ ಒಂದು ಮೂಗು ಹೊರಬಂತು, ಆಮೇಲೆ ಕಿವಿ, ಆಮೇಲೆ ಧೂಳು ಮೆತ್ತಿದ ಸಾಹೇಬರು ಪೂರ್ತಿಯಾಗಿ. ಒಂದು ಗೀರೂ ಆಗಿರಲಿಲ್ಲ. ಹೋದ ಜೀವ ಬಂದಂತಾಗಿ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಹೆಡ್‌ಮಿಸ್ಸು ಬಿದ್ದು ಬಿದ್ದು ನಕ್ಕರು. "ಇದಕ್ಕೆ ಬೇರೆ ಚಾರ್ಜ್ ಇದೆಯೇನ್ರೀ?" ಎಂದು ಕೇಳಿದರು.

ವಾಪಸು ಬರುವಾಗ ನಾನು ಕಟ್ಟುನಿಟ್ಟಾಗಿ ಹೇಳಿದೆ: "ಬಾಯಿ ಮುಚ್ಕೊಂಡಿರಿ. ಮಗೂಗೆ ಇದೆಲ್ಲ ಹೇಳೋ ಅಗತ್ಯವಿಲ್ಲ." ಅವರು ಮೊಲವನ್ನು ಅಂಗಿಯೊಳಗೆ ಅವುಚಿಕೊಂಡು ನಡೆದರು.

ಮೊಮ್ಮಗಳು ಬಂದವಳೇ ನೆಲದ ಮೇಲೆ ಹೊಟ್ಟೆ ಊರಿ ತೆವಳಿದಳು. ಮೊಲದ ಎತ್ತರದಿಂದ ನೋಡಬೇಕಂತೆ. ಒಂದು ಮೂಲೆಯನ್ನೂ ಬಿಡಲಿಲ್ಲ. ಕೊನೆಗೆ ಎದ್ದು ಮೊಣಕೈ ಒರೆಸಿಕೊಂಡು, "ತಾತ, ಪಾಸ್!" ಅಂದಳು.

ಸದ್ಯ ಅಂದುಕೊಳ್ಳುವಷ್ಟರಲ್ಲಿ ಈ ಮಹಾರಾಯರು ಅವಳೆದುರು ನೆಲದ ಮೇಲೆ ಕೂತು, ಬೆಳಗಿನಿಂದ ನಡೆದದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿಬಿಟ್ಟರು. ನಾನು ಹಣೆ ಚಚ್ಚಿಕೊಂಡೆ.

ಹುಡುಗಿ ಬಿಳಿಚಿಕೊಂಡಳು. ಮೊಲವನ್ನು ಎತ್ತಿ ನಾಲ್ಕೂ ಕಾಲು ಮುಟ್ಟಿ ನೋಡಿದಳು. ಆಮೇಲೆ ಕೇಳಿದಳು, "ಬಟ್ಟೆ ಯಾಕೆ ಹರಿದ್ರಿ? ನಿಧಾನಕ್ಕೆ ಮೊಳೆ ಕಿತ್ತಿದ್ರೆ ಹಾಳಾಗ್ತಿರ್ಲಿಲ್ವಲ್ಲ."

"ಅಷ್ಟೊತ್ತು ಅವನು ಕತ್ತಲಲ್ಲೇ ಇರ್ಬೇಕಾಗ್ತಿತ್ತಲ್ಲ ಪುಟ್ಟಿ" ಎಂದರು.

ಅವಳು ಸ್ವಲ್ಪ ಯೋಚಿಸಿ, ಸಾಹೇಬರನ್ನು ತಾತನ ಮಡಿಲಲ್ಲಿ ಇಟ್ಟಳು. "ಹಾಗಾದ್ರೆ ಇಲ್ಲೇ ಇರ್ಲಿ."