ಜೇಬಿನೊಳಗಿನ ಎಡಗೈ

ಕರೆಂಟಿರುವ ಯಂತ್ರದ ಮುಂದೆ ನಿಂತರೆ ಸಾಕು, ರೇಡಿಯೋ ತಾತನ ಎಡಗೈ ಜುಬ್ಬಾದ ಜೇಬಿಗೆ ಇಳಿದುಬಿಡುತ್ತಿತ್ತು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಬಲಗೈಯೊಂದರಿಂದಲೇ ತಡಕಾಡುತ್ತಿದ್ದರೇ ಹೊರತು ಆ ಕೈ ಹೊರಗೆ ಬರುತ್ತಿರಲಿಲ್ಲ. ಜುಬ್ಬಾದ ಎಡಜೇಬು ಜೋತುಬಿದ್ದು ಸಂತೆಯ ಚೀಲದ ಹಾಗಾಗಿತ್ತು. ಗೊತ್ತಿಲ್ಲದವರು ಇದೇನು ದೌಲತ್ತು ಎಂದುಕೊಳ್ಳುತ್ತಿದ್ದರು. ನಾನೂ ಮೊದಲ ದಿನ ಹಾಗೆಯೇ ಅಂದುಕೊಂಡೆ.

ರಾಯಚೂರಿನ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ. ರೇಡಿಯೋ ಹೋಗಿ ಟಿವಿ ಬಂತು, ಟಿವಿ ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿತು, ಆದರೂ ಗಲ್ಲಿಯವರ ಬಾಯಲ್ಲಿ ಅವರು ರೇಡಿಯೋ ತಾತನೇ ಆಗಿ ಉಳಿದರು.

ನಾನು ಅವರಲ್ಲಿಗೆ ಹೋದದ್ದು ಒಂದು ಹಳೆಯ ಕಂಪ್ಯೂಟರ್ ಹೊತ್ತುಕೊಂಡು. ಮಾನ್ವಿಯಲ್ಲಿ ಹಿಂದೆ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಮದುವೆ ಕಾರ್ಡು, ಅರ್ಜಿ ಟೈಪು ಮಾಡುತ್ತಿದ್ದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ದೇವದುರ್ಗದಿಂದ ಬಂದ ನನ್ನಜ್ಜಿ ಪಕ್ಕದಲ್ಲಿ ಕೂತು ಬೀಸುವ ಪದ ಹೇಳುತ್ತಿದ್ದಳು, ನಾನು ಟೈಪು ಬಡಿಯುತ್ತಿದ್ದೆ. ಓದು ಬಾರದ ಅಜ್ಜಿ, "ನನ್ನ ಪದ ಎಲ್ಲಿ ಕುಂತಾವ, ತೋರ್ಸು" ಎಂದು ಮಾನಿಟರಿನ ಗಾಜನ್ನು ಸವರಿ ನೋಡುತ್ತಿದ್ದಳು. ಅಂಗಡಿ ಮುಚ್ಚಿತು. ಅಜ್ಜಿ ಹೋದಳು. ಮುದ್ರಿಸಿಟ್ಟ ಹಾಳೆಗಳನ್ನು ಗೆದ್ದಲು ತಿಂದಿತು. ಕೊನೆಗೆ ಆ ಪದಗಳು ಉಳಿದದ್ದು ಅಟ್ಟದ ಮೇಲಿದ್ದ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಮಾತ್ರ.

ಹೊಸ ಅಂಗಡಿಗಳವರು "ಗುಜರಿಗೆ ಹಾಕ್ರಿ ಮೇಡಂ" ಎಂದರು. ಆ ಕಾಲದ ಅಕ್ಷರ ಈಗಿನ ಯಂತ್ರದಲ್ಲಿ ತೆರೆಯುವುದಿಲ್ಲವಂತೆ. ನಾನೇ ಕಲಿತು ದುರಸ್ತಿ ಮಾಡುತ್ತೇನೆಂದು ಹೊರಟು ಎರಡು ತಿರುಪು ಬಿಚ್ಚಿದವಳು ಹೆದರಿ ಮತ್ತೆ ಬಿಗಿದೆ. ಕರೆಂಟು ನನ್ನನ್ನು ಕೊಂದೀತು ಎಂಬುದು ಒಂದು ಭಯ, ನಾನು ಅಜ್ಜಿಯ ಪದಗಳನ್ನು ಕೊಂದೇನು ಎಂಬುದು ಅದಕ್ಕಿಂತ ದೊಡ್ಡ ಭಯ. ಯಾರೋ ತಾತನ ಗಲ್ಲಿ ತೋರಿಸಿದರು.

"ತಾತಾ, ಇದನ್ನ ರಿಪೇರಿ ಮಾಡಿಕೊಡ್ರಿ."

ತಾತ ಬಲಗೈ ಚಾಚಿ ತೋರಿಸಿದರು. ಬೆರಳುಗಳು ಗಡಗಡ ನಡುಗುತ್ತಿದ್ದವು. "ನೋಡಿದೇನವ್ವಾ? ಬೀಡಿ ಹಚ್ಚಾಕ ಬರವಲ್ದು. ಕಣ್ಣು ನಂದು, ಕೈ ನಿಂದು. ಮಾಡ್ತೀಯೇನು?"

"ನನಗೇನೂ ಬರಂಗಿಲ್ರಿ. ಅಂಜಿಕಿ ಬರ್ತದ."

"ಅಂಜಿಕಿ ಬರ್ತದಲ್ಲ, ಅರ್ಧ ಕೆಲಸ ಬಂದಂಗ. ಅಂಜದವರಿಗೆ ನಾ ಕಲಿಸಂಗಿಲ್ಲ. ಎಡಗೈ ಜೇಬಿನ್ಯಾಗ ಇಡು."

"ಸೀರ್ಯಾಗ ಜೇಬು ಎಲ್ಲಿ ಅದರೀ ತಾತಾ?"

ತಾತ ಟಾರ್ಚು ಕೆಳಗಿಟ್ಟು ನಕ್ಕರು. "ಹೌದಲ್ಲಾ! ಇಷ್ಟು ವರ್ಷ ಬರೀ ಗಂಡಸರಿಗೆ ಕಲಿಸೀನಿ, ಇದು ತಲಿಗೇ ಬಂದಿಲ್ಲ. ಸೆರಗು ಬೆನ್ನ ಹಿಂದ ತೊಗೊಂಡು ಸೊಂಟಕ್ಕ ಸಿಗಸು, ಎಡಗೈಲೆ ಅದನ್ನ ಗಟ್ಟಿ ಹಿಡಿ. ಬಿಟ್ಟಿ ಅಂದ್ರ ಸ್ವಿಚ್ ಆರಿಸ್ತೀನಿ."

ಯಾಕೆಂದು ಕೇಳಿದೆ. ಅಂಗಡಿಯ ಮೂಲೆಯಲ್ಲೊಂದು ಖಾಲಿ ಸ್ಟೂಲಿತ್ತು. ಗಿರಾಕಿಗಳು ನಿಂತೇ ಮಾತಾಡಿ ಹೋಗುತ್ತಿದ್ದರು, ಅದರ ಮೇಲೆ ಯಾರೂ ಕೂರುತ್ತಿರಲಿಲ್ಲ. ತಾತ ಅದರ ಕಡೆ ಗದ್ದ ಎತ್ತಿದರು.

"ನನ್ನ ತಮ್ಮ ಅಲ್ಲಿ ಕೂಡ್ತಿದ್ದ. ಟಿವಿಗೆ ಎರಡೂ ಕೈ ಹಚ್ಚಿದ. ಒಂದು ಕೈಲೆ ಹೊಕ್ಕದ್ದು ಇನ್ನೊಂದು ಕೈಲೆ ಹೊರಗ ಹೋಗ್ತದ. ನಡುವ ಎದಿ ಅದ ಅನ್ನೋದು ಕರೆಂಟಿಗೇನ್ ಗೊತ್ತು?"

ಆಮೇಲೆ ನಾನು ಸೆರಗು ಬಿಡಲಿಲ್ಲ.

ಹಳೆಯ ಯಂತ್ರಕ್ಕೆ ತಾತ ನೇರವಾಗಿ ಕರೆಂಟು ಕೊಡುತ್ತಿರಲಿಲ್ಲ. ಹಲಗೆಯೊಂದಕ್ಕೆ ಹಳೇ ಬಲ್ಬು ಕೂರಿಸಿ ಅದರ ಮೂಲಕ ಹಾಯಿಸುತ್ತಿದ್ದರು. ಬಲ್ಬು ಮಿಂಚಿ ಮಂಕಾದರೆ ಯಂತ್ರ ಕ್ಷೇಮ, ಹಾಗೇ ಉರಿಯುತ್ತಿದ್ದರೆ ಒಳಗೆ ಕೇಡು. ಅವತ್ತು ಸ್ವಿಚ್ ಒತ್ತಿದ್ದು ನಾನು. ಬಲ್ಬು ಕಣ್ಣು ಕುಕ್ಕುವಂತೆ ಉರಿಯಿತು, ಮಂಕಾಗಲೇ ಇಲ್ಲ.

ಪ್ಲಗ್ಗು ಕಿತ್ತೆವು. ಕಿತ್ತ ಮೇಲೂ ಪವರ್ ಸಪ್ಲೈ ಡಬ್ಬಿಯ ಕಂಡೆನ್ಸರಿನಲ್ಲಿ ಕರೆಂಟು ಅಡಗಿ ಕೂತಿರುತ್ತದೆ, ಅದನ್ನು ಮೊದಲು ಇಳಿಸಬೇಕು. ತಾತ ಹೇಳಿದಂತೆ ಡಬ್ಬಿಯ ಮುಚ್ಚಳ ಬಿಚ್ಚಿ ದಪ್ಪ ಹಿಡಿಯ ಉಪಕರಣದ ತುದಿ ಮುಟ್ಟಿಸಿದೆ. ಫಟ್ ಎಂದು ನೀಲಿ ಕಿಡಿ ಹಾರಿತು. ನಾನು ಕಿರುಚಿದ್ದು ಗಲ್ಲಿಗೆಲ್ಲ ಕೇಳಿಸಿತು. ತಾತ ಕಿಡಿಯನ್ನು ನೋಡಲಿಲ್ಲ, ನನ್ನ ಬೆನ್ನ ಹಿಂದೆ ಬಗ್ಗಿ ನೋಡಿದರು.

"ಸೆರಗು ಬಿಟ್ಟಿಲ್ಲ. ಪಾಸಾದಿ."

ಆಮೇಲೆ ಡಬ್ಬಿಯೊಳಗೆ ಇಣುಕಿದೆ. ಒಳಗೆಲ್ಲ ವಿಭೂತಿ, ಕುಂಕುಮ. ಬೋರ್ಡಿನ ಮೇಲೆ ಹಸಿರುಗಟ್ಟಿದ ಕಲೆ.

"ಯಾರವ್ವಾ ಪೂಜಿ ಮಾಡಿದವರು?"

"ನಾನ ರೀ. ಪ್ರತಿ ಆಯುಧಪೂಜಿಗೂ ಕಾಯಿ ಒಡದು ಅದರ ನೀರು ಚಿಮುಕಿಸ್ತಿದ್ದೆ."

"ಭಾಳ ಭಕ್ತಿ ಅದ ನಿಂದು. ಅಭಿಷೇಕನ ಮಾಡೀದಿ ನೋಡು."

ನನಗೆ ನಗು ಬರಲಿಲ್ಲ. ಅಜ್ಜಿಯ ಪದಗಳು ಚೆನ್ನಾಗಿರಲಿ ಎಂದು ಕೈಮುಗಿದು ನಾನೇ ಅವುಗಳ ಮೇಲೆ ವಿಷ ಚೆಲ್ಲಿದ್ದೆನಲ್ಲ! ಕಣ್ಣು ತುಂಬಿತು. ತಾತ ಹಳೆಯ ಹಲ್ಲುಜ್ಜುವ ಬ್ರಶ್ಶು, ಸ್ಪಿರಿಟ್ಟಿನ ಬಾಟಲಿ ಮುಂದಿಟ್ಟರು. "ಅಳಬ್ಯಾಡ. ಕಣ್ಣೀರಾಗೂ ಉಪ್ಪು ಇರ್ತದ. ಬೋರ್ಡಿಗೆ ಅದೊಂದು ಕಡಿಮಿ ಆಗ್ಯಾದೇನು?"

ಪ್ರತಿ ಭಾನುವಾರ ಮಾನ್ವಿಯಿಂದ ಬಸ್ಸು ಹತ್ತುತ್ತಿದ್ದೆ. ಕಲ್ಲೂರು ದಾಟುವಾಗಲೇ ಅಂಗೈ ಬೆವರುತ್ತಿತ್ತು. ಉಜ್ಜಿದೆ, ಒಣಗಿಸಿದೆ, ಉಬ್ಬಿದ ಕಂಡೆನ್ಸರುಗಳನ್ನು ಕಿತ್ತು ಹೊಸದನ್ನು ಬೆಸೆದೆ. ತಪ್ಪಿದಾಗೆಲ್ಲ "ಮತ್ತೊಮ್ಮೆ" ಎನ್ನುತ್ತಿದ್ದರು ತಾತ, ಅಷ್ಟೇ.

ಕೊನೆಗೊಂದು ಮಧ್ಯಾಹ್ನ ಸ್ವಿಚ್ ಒತ್ತಿದೆ. ಬಲ್ಬು ಮಿಂಚಿತು. ನಾನು ಕಣ್ಣು ಮುಚ್ಚಿಕೊಂಡೆ. "ತೆಗಿ ಕಣ್ಣು" ಎಂದರು ತಾತ. ಬಲ್ಬು ಮಂಕಾಗಿತ್ತು, ಫ್ಯಾನು ತಿರುಗುತ್ತಿತ್ತು. ನಡುವಿನ ಬಲ್ಬು ತೆಗೆದು ನೇರ ಕರೆಂಟು ಕೊಟ್ಟಾಗ ಪರದೆ ಬೆಳಗಿತು. ಆದರೆ ಪದಗಳಿದ್ದ ಡಿಸ್ಕು ಕಟಕಟ ಹಲ್ಲು ಕಡಿಯಿತು. ತಾತ ಕಿವಿಗೊಟ್ಟರು.

"ಇದರ ಆಯುಷ್ಯ ಮುಗಿಯಾಕತ್ತದ. ಒಮ್ಮೆ ನಿಂತ್ರ ಮತ್ತ ಏಳಂಗಿಲ್ಲ. ಲಗೂ ಮಾಡು!"

ಪದಗಳು ತೆರೆದುಕೊಂಡವು. ಒಂದೊಂದನ್ನೇ ಪರದೆಗೆ ತಂದು ಮೊಬೈಲಿನಲ್ಲಿ ಫೋಟೋ ತೆಗೆಯತೊಡಗಿದೆ. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು.

"ಈಗ ಬಿಡವ್ವಾ ಕೈ! ಎರಡೂ ಹಚ್ಚು. ಕೀಬೋರ್ಡು ಯಾರನ್ನೂ ಕೊಲ್ಲಂಗಿಲ್ಲ."

ಕಟಕಟ ಜೋರಾಯಿತು. ನನ್ನ ಬೆರಳು ಓಡಿದವು. ಇನ್ನು ಮೂರು ಪದ ಉಳಿದಿವೆ ಎನ್ನುವಾಗ ಸದ್ದು ನಿಂತು ಪರದೆ ಕಲ್ಲಾಯಿತು. ಆ ಮೂರು ಇವತ್ತಿಗೂ ಸಿಕ್ಕಿಲ್ಲ.

ನಾನು ತಲೆ ತಗ್ಗಿಸಿ ಕೂತೆ. ತಾತ ಮೆಲ್ಲಗೆ ಹೋಗಿ ತಮ್ಮನ ಸ್ಟೂಲಿನ ಮೇಲೆ ಕೂತರು. "ಸಿಕ್ಕದ್ದರಾಗ ಒಂದು ಓದು, ಕೇಳ್ತೀನಿ."

ಓದಿದೆ. ಕೇಳುತ್ತ ಕೇಳುತ್ತ ಅವರ ಎಡಗೈ ಜೇಬಿನಿಂದ ಹೊರಬಂದು ಮೊಣಕಾಲ ಮೇಲೆ ಸುಮ್ಮನೆ ಮಲಗಿತು.

ಅದರ ಮುಂದಿನ ಬೇಸಿಗೆಯಲ್ಲಿ ತಾತ ಹೋದರು. ಸುದ್ದಿ ತಿಳಿದು ನಾನು ರಾಯಚೂರು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಈಗ ಮಾನ್ವಿಯಲ್ಲಿ ಜನ ಅಟ್ಟದ ಮೇಲಿನ ಕಂಪ್ಯೂಟರುಗಳನ್ನು ನನ್ನ ಮುಂದೆ ತಂದಿಡುತ್ತಾರೆ. ಸೆರಗು ಹಿಡಿದು ನಿಂತ ನನ್ನನ್ನು ಕಂಡು "ಸೊಂಟ ಹಿಡದದೇನ್ರೀ ಅಕ್ಕಾ?" ಎಂದು ನಗುತ್ತಾರೆ. ನಗಲಿ. ಸ್ವಿಚ್ ಒತ್ತುವ ಮೊದಲು ಆ ಎಡಮುಷ್ಟಿ ಇವತ್ತಿಗೂ ಬೆವರುತ್ತದೆ. ತಾತ ನನಗೆ ಕೊಟ್ಟು ಹೋದದ್ದು ಆ ಬೆವರನ್ನೇ. ಅದು ಒಣಗಿದ ದಿನ ಕೆಲಸ ನಿಲ್ಲಿಸುತ್ತೇನೆ.