ಲಗ್ನಪತ್ರಿಕೆಯಲ್ಲಿ ಇಳಿದ ಡಿಗ್ರಿ

ನಾನು ಎಂ.ಎಸ್ಸಿ. ಮಾಡಿದ್ದು ಜ್ಞಾನದ ಹಸಿವಿನಿಂದ ಎಂಬುದು ನಮ್ಮ ಬಳಗದಲ್ಲಿ ಚಾಲ್ತಿಯಲ್ಲಿರುವ ಕಥೆ. ಸಂಡೂರು ರಸ್ತೆಯಲ್ಲಿ ಅದಿರಿನ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡಾಗಲೂ ಪುಸ್ತಕ ಬಿಡಲಿಲ್ಲವಂತೆ. ಬಿಡಲಿಲ್ಲ, ನಿಜ. ಆದರೆ ಹಸಿವು? ಅದಕ್ಕೆ ಪುರಾವೆ ಎಲ್ಲಿದೆ?

ಆಗ ನನ್ನ ಬಳಿ ಇದ್ದದ್ದು ಬಿ.ಎಸ್ಸಿ. ಮತ್ತು ನೆಟ್‌ವರ್ಕಿಂಗ್ ಸರ್ಟಿಫಿಕೇಟು. ಗಣಿ ಕಂಪನಿಯೊಂದರ ಸಂಡೂರು ಗುಡ್ಡದ ಕಂಪ್ಯೂಟರುಗಳು ಹೊಸಪೇಟೆ ಕಚೇರಿಯ ಕಂಪ್ಯೂಟರುಗಳ ಜೊತೆ ಸಂಪರ್ಕ ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕೆಂಪು ಧೂಳು ಹೊಕ್ಕ ಪೆಟ್ಟಿಗೆಗಳನ್ನು ಬಿಚ್ಚಿ ಊದುವುದೂ ಅದರಲ್ಲೇ ಬಂತು. ಗಣಿಯ ನೌಕರಿ ಅಂದರೆ ಆಗ ಕನ್ಯೆ ಕೊಡುವವರಿಗೆ ಕೊರತೆ ಇರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯವರ ಮಗಳನ್ನು ಗೊತ್ತುಮಾಡಿದರು. ಆಕೆ ಗಣಿತದಲ್ಲಿ ಎಂ.ಎಸ್ಸಿ.

ಲಗ್ನಪತ್ರಿಕೆ ಅಚ್ಚು ಹಾಕಿಸಲು ಆಕೆಯ ತಂದೆಯ ಜೊತೆ ಪ್ರೆಸ್ಸಿಗೆ ಹೋದೆ. ನಮ್ಮಲ್ಲಿ ವಧೂವರರ ಹೆಸರಿನ ಮುಂದೆ ಡಿಗ್ರಿ ಇರಲೇಬೇಕು.

"ವರನಿಗೆ ಏನ್ ಹಾಕ್ಲಿರಿ?" ಎಂದ ಪ್ರೆಸ್ಸಿನವ.

ಸರ್ಟಿಫಿಕೇಟಿನ ಹೆಸರು ಹೇಳಿದೆ.

"ಅದೇನ್ರಿ, ಟಿವಿ ರಿಪೇರಿದಾ?"

"ಬ್ಯಾಡ ಬಿಡು, ಬಿ.ಎಸ್ಸಿ. ಹಾಕು," ಅಂದರು ಮಾವ. ಆಮೇಲೆ ದನಿ ತಗ್ಗಿಸಿ, "ಆಕಿಗೂ ಬಿ.ಎಸ್ಸಿ. ಅಂತನ ಹಾಕು. ಗಂಡಿನ ಕಡೆಯವ್ರು ಕಮ್ಮಿ ಕಾಣಬಾರ್ದು."

"ಆಕಿದು ಎಂ.ಎಸ್ಸಿ. ಅಂದಿದ್ರಲ್ರಿ?" ಎಂದ ಪ್ರೆಸ್ಸಿನವ.

"ಬಿ.ಎಸ್ಸಿ. ಆಗದ ಎಂ.ಎಸ್ಸಿ. ಹೆಂಗ ಆಗ್ತೈತಲೇ? ಸುಳ್ಳೇನೈತಿ ಇದ್ರಾಗ?"

ವಾದ ಎಷ್ಟು ಗಟ್ಟಿ ನೋಡಿ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂಥ ಅರ್ಧಸತ್ಯಗಳ ಹಲ್ಲು ಕಿತ್ತು ಕಪ್ ಗೆದ್ದವನು ನಾನು. ಹೆಣ್ಣುಮಕ್ಕಳ ಸಮಾನತೆಯ ಪರವಾಗಿ ಮಾತಾಡಿಯೂ ಗೆದ್ದಿದ್ದೆ. ಅಲ್ಲಿ ಮಾತ್ರ ಮಸಿಯ ವಾಸನೆ ಕುಡಿಯುತ್ತ ನಿಂತೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಒಳಗೊಳಗೇ ನಿರಾಳವಾಯಿತು. ಚುಚ್ಚುವುದು ಆ ನಿರಾಳವೇ.

ಮದುವೆಯಾದ ಮೇಲೆ ದೂರಶಿಕ್ಷಣದಲ್ಲಿ ಎಂ.ಎಸ್ಸಿ.ಗೆ ಸೇರಿದೆ. ಚಿತ್ತವಾಡ್ಗಿಯ ಬಾಡಿಗೆ ಮನೆಯಲ್ಲಿ ನನಗೆ ಸಂಭವನೀಯತೆಯ ಲೆಕ್ಕ ಕಲಿಸಿದವಳು ಅವಳೇ. ಉತ್ತರ ತಪ್ಪಾದರೂ ನಾನು ಜಗಳಕ್ಕೆ ಬಿದ್ದರೆ, "ಎಷ್ಟ್ ವಾದ ಮಾಡ್ತೀರಿ? ಲೆಕ್ಕಕ್ಕ ಕಿವಿ ಇರಂಗಿಲ್ರಿ," ಎಂದು ನಗುತ್ತಿದ್ದಳು. ಲಗ್ನಪತ್ರಿಕೆಯ ಸುದ್ದಿ ಮಾತ್ರ ಎಂದೂ ಎತ್ತಲಿಲ್ಲ. ನಾನಂತೂ ಎತ್ತುವವನೇ ಅಲ್ಲ.

ನಾನು ಪಾಸಾದಾಗ ಮಾವ ಪೇಢೆ ಹಿಡಿದು ಬಂದರು. "ಈಗ ನೋಡವ್ವ, ಸರಿಜೋಡಿ ಆತು," ಎಂದು ಮಗಳ ಬಾಯಿಗೇ ಮೊದಲು ಇಟ್ಟರು. "ಇನ್ನ ಪಿಎಚ್.ಡಿ. ಒಂದು ಮಾಡಿಬಿಡ್ರಿ, ಅಳಿಯಂದ್ರು ಮ್ಯಾಲೇ ಇರ್ಲಿ."

ಅವಳು ಪೇಢೆ ನುಂಗದೆ ನನ್ನತ್ತ ನೋಡಿದಳು. ನಾನೂ ಒಂದು ಪೇಢೆ ಬಾಯಿಗೆ ಹಾಕಿಕೊಂಡೆ. ಮಾವನನ್ನು ಕಂಪ್ಲಿ ಬಸ್ಸು ಹತ್ತಿಸಿ ಬಂದು, ನೆಲ ಒರೆಸುತ್ತಿದ್ದವಳನ್ನು ನಿಲ್ಲಿಸಿ ಕೇಳಿದೆ:

"ಅವತ್ತು ಪತ್ರಿಕಿ ನೋಡ್ದಾಗ, ನಿನ್ನ ಡಿಗ್ರಿ ಇಳಿಸ್ದವ್ರು ಯಾರು ಅಂತ ತಿಳಕೊಂಡಿ? ನಿಮ್ಮಪ್ಪನೋ, ನಾನೋ?"