ಇಲಿಕೋಣೆಯ ಇಲಿಯಪ್ಪ

ಪ್ರಯೋಗಾಲಯದ ಇಲಿಕೋಣೆಯನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಆಸಾಮಿಯನ್ನು ಎಲ್ಲರೂ ಕರೆಯುವುದು ಇಲಿಯಪ್ಪ ಎಂದೇ. ಬಾಗಿಲು ತಟ್ಟದೆ ಅವನು ಒಳಗೆ ಕಾಲಿಡುವವನಲ್ಲ. "ಬಂದೆ ಕಣ್ರಮ್ಮಾ, ಗಾಬರಿಯಾಗ್ಬೇಡಿ" ಎಂದು ಇಲಿಗಳಿಗೆ ಹೇಳಿಯೇ ಗೂಡಿನ ಮುಚ್ಚಳ ತೆಗೆಯುತ್ತಾನೆ. ಎದುರಿಗೆ ಯಾರಾದರೂ ಸೀನಿದರೆ ಅವರಿಗೆ ಆ ವಾರವೆಲ್ಲ ಒಳಗೆ ಪ್ರವೇಶವಿಲ್ಲ. "ಮೂರನೇ ಗೂಡಿನವಳಿಗೆ ಮೈ ಸರಿಯಿಲ್ಲ ಮೇಡಂ" ಎಂದು ಅವನಂದರೆ, ಎರಡು ದಿನ ಬಿಟ್ಟು ರಕ್ತಪರೀಕ್ಷೆಯೂ ಅದನ್ನೇ ಹೇಳುತ್ತದೆ; ಹೊಸದಾಗಿ ಬಂದ ಸಂಶೋಧಕಿಗೆ ಇದೊಂದು ಸೋಜಿಗ. "ಯಾವ ರೋಗಾಣೂನೂ ಚುಚ್ಚಿಲ್ಲ, ಮತ್ಯಾಕೆ ಇವು ಸೊರಗ್ತಾವೆ?" ಎಂದು ಒಂದು ಬೆಳಗ್ಗೆ ಅವನು ನೀರಿನ ಬಾಟಲಿ ತುಂಬುತ್ತ ಕೇಳಿದ. ಅವಳು ಬಿಡಿಸಿ ಹೇಳಿದಳು: "ರೋಗಾಣು ಮೇಲೆ ಪ್ರತಿಕಾಯ ಅನ್ನೋ ಅಸ್ತ್ರ ಬಿಡೋ ಬಿಳಿ ಕಣಗಳು ರಕ್ತದಲ್ಲಿರ್ತವೆ. ತಾವಿರೋ ಮೈಯನ್ನ ಮಾತ್ರ ಅವು ಮುಟ್ಟಬಾರದು. ಈ ಇಲಿಗಳಲ್ಲಿ ಆ ಸಹನೆ ಕೆಟ್ಟಿದೆ, ಕಣಗಳು ಇಲಿಯ ಮೈಮೇಲೇ ಬೀಳ್ತವೆ. ಮನುಷ್ಯರಿಗೂ ಬರುತ್ತೆ, ಹೆಂಗಸರಿಗೇ ಜಾಸ್ತಿ. ಕೀಲುನೋವು, ಕೆನ್ನೆ ಕೆಂಪಾಗೋದು, ಹಾಸಿಗೆಯಿಂದ ಏಳೋಕಾಗದ ಸುಸ್ತು." ಬಾಟಲಿ ತುಂಬಿ ನೀರು ಅವನ ಕಾಲ ಮೇಲೆ ಸುರಿಯುತ್ತಿತ್ತು. "ಅದು ಸೋಮಾರಿತನ ಅಲ್ವಾ?" ಎಂದ. "ಅಲ್ಲಪ್ಪಾ, ಕಾಯಿಲೆ. ಔಷಧಿಯಿದೆ. ಯಾಕೆ?" ಅವನು ಬಾಟಲಿ ಕೆಳಗಿಟ್ಟ. "ನನ್ನ ಮಗಳು ಎರಡು ವರ್ಷದಿಂದ ಇದನ್ನೇ ಹೇಳ್ತಿದ್ದಾಳೆ. ನಾಟಕ ಆಡ್ತೀಯಾ ಅಂತ ಇವತ್ತು ಬೆಳಗ್ಗೆ ಕೈಯೆತ್ತಿದೆ ಮೇಡಂ." ಸಂಶೋಧಕಿ ಯಾವ ಡಾಕ್ಟರಿಗೆ ತೋರಿಸಬೇಕೆಂದು ಚೀಟಿಯಲ್ಲಿ ಬರೆದು ಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೈಗವಸು ಕಳಚುವುದನ್ನೂ ಮರೆತು, ಬೀದಿಗಿಳಿದು ಓಡಿದ.